ಗುಣ ಹೇಳಿದವನು ಪಥ್ಯವನ್ನೂ ಹೇಳಬೇಕು

ಒಂದು ವಸ್ತು ಒಳ್ಳೆಯದೋ ಕೆಟ್ಟದ್ದೋ ಎಂದು ಯಾರಾದರೂ ಕೇಳಿದರೆ ನಾವು ಸಾಮಾನ್ಯವಾಗಿ ಆ ವಸ್ತುವಿನ ಕಡೆಗೇ ನೋಡುತ್ತೇವೆ. ಹಾಲು ಒಳ್ಳೆಯದು, ಹೆಂಡ ಕೆಟ್ಟದ್ದು, ಜೇನು ಒಳ್ಳೆಯದು, ಹೊಗೆಸೊಪ್ಪು ಕೆಟ್ಟದ್ದು ಎಂದು ಪಟ್ಟಿ ಮಾಡಿಕೊಂಡು ನೆಮ್ಮದಿಯಾಗಿ ಇದ್ದುಬಿಡುತ್ತೇವೆ. ಬದುಕಿಗೆ ಇಂಥ ಪಟ್ಟಿ ಬೇಕು, ನಿಜ. ಆದರೆ ಕೆಲವು ವಸ್ತುಗಳು ಅದರ ಯಾವ ಸಾಲಿನಲ್ಲೂ ನಿಲ್ಲುವುದಿಲ್ಲ. ಒಂದು ನಾಡಿನಲ್ಲಿ ಬಾಣಂತಿಯರು ಎದೆಹಾಲು ಹೆಚ್ಚಲೆಂದು ತಿನ್ನುವ ಸೊಪ್ಪು ಇನ್ನೊಂದು ನಾಡಿನಲ್ಲಿ ಹೆಂಗಸರ ಉಸಿರನ್ನೇ ಕಟ್ಟಿಸಿದರೆ ಅದನ್ನು ಯಾವ ಸಾಲಿನಲ್ಲಿ ಬರೆಯೋಣ? ಇದು ಒಗಟಲ್ಲ, ನಡೆದ ಸಂಗತಿ. ಆ ಸೊಪ್ಪು ನಮ್ಮ ಹಿತ್ತಲಲ್ಲೂ ಇದೆ. ನಾವು ಅದನ್ನು ಚಕ್ರಮುನಿ ಎಂದು ಕರೆಯುತ್ತೇವೆ.

ಬೇಲಿಯ ಗಿಡ

ಚಕ್ರಮುನಿಯನ್ನು ಕಾಣದವರು ಕರಾವಳಿ, ಮಲೆನಾಡುಗಳಲ್ಲಿ ಕಡಿಮೆ. ಕಂಡೂ ಹೆಸರು ಗೊತ್ತಿಲ್ಲದವರು ಬಹಳ ಮಂದಿ. ಆಳೆತ್ತರಕ್ಕೆ ಬೆಳೆಯುವ ಪೊದೆ ಅದು. ತೆಳ್ಳಗಿನ ಕಡ್ಡಿಗಳ ಎರಡೂ ಬದಿಗೆ ಎಲೆಗಳು ಸಾಲಾಗಿ ಜೋಡಣೆಗೊಂಡಿರುತ್ತವೆ. ಎಲೆಯ ಅಡಿಯಲ್ಲಿ ಕಣ್ಣಿಗೆ ಬೀಳದಷ್ಟು ಸಣ್ಣ ಕೆಂಪು ಹೂ, ಆಮೇಲೆ ಕೆಂಪು ತೊಟ್ಟಿಲಲ್ಲಿ ಕೂತಂಥ ಬಿಳಿಯ ದುಂಡು ಕಾಯಿ. ಒಂದು ಕಡ್ಡಿ ಮುರಿದು ಒದ್ದೆ ಮಣ್ಣಿಗೆ ಚುಚ್ಚಿದರೆ ಸಾಕು, ಬದುಕಿಕೊಳ್ಳುತ್ತದೆ. ಗೊಬ್ಬರ ಬೇಡ, ಆರೈಕೆ ಬೇಡ, ಅರೆ ನೆರಳಾದರೂ ಬೇಸರವಿಲ್ಲ. ದಕ್ಷಿಣ ಮತ್ತು ಆಗ್ನೇಯ ಏಷ್ಯಾದ ಮಳೆಕಾಡುಗಳ ಮರದಡಿಯಲ್ಲಿ ತಾನಾಗಿ ಬೆಳೆದ ಗಿಡವಲ್ಲವೇ, ನೆರಳಿನ ಅಭ್ಯಾಸ ಅದಕ್ಕೆ ಹುಟ್ಟಿನಿಂದಲೇ ಇದೆ.

ಸಸ್ಯಶಾಸ್ತ್ರಜ್ಞರು ಇದನ್ನು ಸೌರೋಪಸ್ ಆಂಡ್ರೋಗೈನಸ್ ಎಂದು ಕರೆದರು. ಈಚೆಗೆ ಬ್ರೇನಿಯಾ ಎಂಬ ಕುಲಕ್ಕೆ ಸೇರಿಸಿದ್ದಾರೆ. ನಮ್ಮ ನೆಲ್ಲಿಯ ಕುಟುಂಬವೇ ಇದರದೂ. ಮಲೇಷ್ಯಾದವರು ಚೆಕುರ್ ಮನಿಸ್ ಎನ್ನುತ್ತಾರೆ, ಇಂಡೋನೇಷ್ಯಾದವರು ಕಾತುಕ್ ಎನ್ನುತ್ತಾರೆ, ವಿಯೆಟ್ನಾಮಿನವರು ರಾವ್ ಙೋತ್ ಎನ್ನುತ್ತಾರೆ. ಮಲಯ ಭಾಷೆಯಲ್ಲಿ ಮನಿಸ್ ಎಂದರೆ ಸಿಹಿ. ಕೇರಳದಲ್ಲಿ ಇದಕ್ಕೆ ಚೆಕ್ಕುರ್ಮಾನಿಸ್ ಎಂದೂ ಮಧುರಚೀರ ಎಂದೂ ಹೆಸರುಂಟು. ಈ ಹೆಸರುಗಳನ್ನು ಒಂದರ ಪಕ್ಕ ಒಂದಿಟ್ಟು ಕೇಳಿಸಿಕೊಂಡರೆ ಕಡಲಾಚೆಯ ಚೆಕುರ್ ಮನಿಸೇ ನಮ್ಮ ಬಾಯಿಗೆ ಬಂದು ಚಕ್ರಮುನಿಯಾಯಿತೇನೋ ಎಂದು ಅನ್ನಿಸದಿರದು. ಸಿಹಿ ನಮ್ಮಲ್ಲಿ ಋಷಿಯಾದದ್ದು ಚಂದವೇ. ಆದರೆ ಹೆಸರು ಬದಲಾಗುವಾಗ ಅರ್ಥ ಎಲ್ಲಿ ಜಾರಿಬೀಳುತ್ತದೆ ಎಂಬುದಕ್ಕೆ ಇದೊಂದು ಸಣ್ಣ ಉದಾಹರಣೆ. ಹೆಸರು ಹಿಡಿದು ಕೂತವನಿಗೆ ಈ ಗಿಡ ತಪಸ್ಸಿನದ್ದು, ಸಿದ್ಧಿಯದ್ದು ಎಂದೆಲ್ಲ ತೋರಬಹುದು. ಮೂಲದ ಮಾತು ಹೇಳುತ್ತಿದ್ದುದು ನಾಲಗೆಯ ರುಚಿಯನ್ನು ಮಾತ್ರ.

ಈ ಗಿಡವನ್ನು ಉಣ್ಣುವವರು ಹೇಗೆ ಉಣ್ಣುತ್ತಾರೆ ಎಂಬುದನ್ನು ಸ್ವಲ್ಪ ಗಮನಿಸಬೇಕು. ಬೋರ್ನಿಯೋ ದ್ವೀಪದ ಸಾರಾವಾಕ್ ಕಡೆ ಎಲೆಯನ್ನು ಮೊಟ್ಟೆಯೊಂದಿಗೆ ಬಾಡಿಸುತ್ತಾರೆ. ತೆಂಗಿನ ಹಾಲಿನಲ್ಲಿ ಕುದಿಸುವವರೂ ಇದ್ದಾರೆ. ವಿಯೆಟ್ನಾಮಿನಲ್ಲಿ ಎಲೆಯನ್ನು ಅಂಗೈಯಲ್ಲಿ ಹಿಸುಕಿ, ಮಾಂಸವನ್ನೋ ಸೀಗಡಿಯನ್ನೋ ಹಾಕಿ ಸಾರು ಮಾಡುತ್ತಾರೆ. ಇಂಡೋನೇಷ್ಯಾದಲ್ಲಿ ಬಾಣಂತಿಗೆ ಕಾತುಕ್ ಸೊಪ್ಪಿನ ತಿಳಿಸಾರು. ನಮ್ಮ ಕಡೆ ಪಲ್ಯ, ತಂಬುಳಿ, ದೋಸೆಯ ಹಿಟ್ಟಿಗೆ ಒಂದು ಹಿಡಿ, ಮಕ್ಕಳ ಬಾಯಿಗೆ ಆಟದ ನಡುವೆ ಎರಡು ಎಲೆ. ಹಸಿ ಎಲೆಗೆ ಎಳೆ ಬಟಾಣಿಯ ರುಚಿ. ಪ್ರೋಟೀನು, ಎ ಜೀವಸತ್ವವಾಗಿ ಮಾರ್ಪಡುವ ಅಂಶ, ಸಿ ಜೀವಸತ್ವ ಇವೆಲ್ಲ ಇತರ ಸೊಪ್ಪುಗಳಿಗಿಂತ ಧಾರಾಳವಾಗಿವೆ. ಸಸ್ಯೋದ್ಯಾನಗಳಲ್ಲಿ ಇದನ್ನು ವಿಟಮಿನ್ ಗಿಡ ಎಂದು ಕರೆದು ಮಾರುವುದು ಈ ಕಾರಣಕ್ಕಾಗಿಯೇ.

ತೈವಾನಿನಲ್ಲಿ ನಡೆದದ್ದು

1994ರ ನಡುವಿನಲ್ಲಿ ತೈವಾನಿನಲ್ಲಿ ಈ ಸೊಪ್ಪಿಗೆ ಹೊಸದೊಂದು ಕೀರ್ತಿ ಬಂತು. ಇದು ಮೈ ತೂಕ ಇಳಿಸುತ್ತದೆ ಎಂಬ ಮಾತು ಹಬ್ಬಿತು. ಕಾಯಿಪಲ್ಯೆಯ ಅಂಗಡಿಯಲ್ಲಿ ಮೂಲೆಗೆ ಬಿದ್ದಿದ್ದ ಸೊಪ್ಪು ಬೇಡಿಕೆಯ ಸರಕಾಯಿತು. ಜನ, ಅದರಲ್ಲೂ ಹೆಚ್ಚಾಗಿ ಯುವತಿಯರು ಮತ್ತು ನಡುವಯಸ್ಸಿನ ಹೆಂಗಸರು, ಅದನ್ನು ಹಸಿಯಾಗಿಯೇ ಅರೆದು, ಸೀಬೆಯ ಅಥವಾ ಅನಾನಸಿನ ರಸದೊಂದಿಗೆ ಬೆರೆಸಿ ಕುಡಿಯತೊಡಗಿದರು. ಎಷ್ಟು? ಹಲವರು ದಿನಕ್ಕೆ ಸುಮಾರು 150 ಗ್ರಾಂ ಎಲೆಯ ರಸ. ಎಷ್ಟು ದಿನ? ವಾರಗಟ್ಟಲೆ, ತಿಂಗಳುಗಟ್ಟಲೆ. ನಮ್ಮ ಪಲ್ಯದಲ್ಲಿ ಒಬ್ಬೊಬ್ಬರ ಪಾಲಿಗೆ ಬರುವುದು ಒಂದು ಹಿಡಿ ಸೊಪ್ಪು, ಅದೂ ವಾರದಲ್ಲೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ ಎಂಬುದನ್ನು ನೆನೆದರೆ ಈ ಲೆಕ್ಕದ ತೂಕ ತಿಳಿಯುತ್ತದೆ.

1995ರ ಹೊತ್ತಿಗೆ ದಕ್ಷಿಣ ತೈವಾನಿನ ಆಸ್ಪತ್ರೆಗಳಿಗೆ ಏದುಸಿರು ಬಿಡುವ ಹೆಂಗಸರು ಬರತೊಡಗಿದರು. ಕೆಮ್ಮು, ಮೆಟ್ಟಿಲು ಹತ್ತಿದರೆ ಉಸಿರು ಸಿಗದು, ಆಮೇಲೆ ನಾಲ್ಕು ಹೆಜ್ಜೆ ನಡೆದರೂ ಸಿಗದು. ಬೀಡಿ ಸಿಗರೇಟು ಮುಟ್ಟಿದವರಲ್ಲ. ಎದೆಯ ಎಕ್ಸ್‌ರೇ ತೆಗೆದರೆ ಎಷ್ಟೋ ಮಂದಿಯಲ್ಲಿ ಏನೂ ಕಾಣುತ್ತಿರಲಿಲ್ಲ. ಶ್ವಾಸಕೋಶದ ತೀರಾ ಸಣ್ಣ ಗಾಳಿನಾಳಗಳು ಊದಿಕೊಂಡು, ಗಾಯವಾಗಿ, ಗಾಯ ಮಾಯುವಾಗ ಕಲೆಗಟ್ಟಿ ಮುಚ್ಚಿಹೋಗಿದ್ದವು. ವೈದ್ಯರ ಭಾಷೆಯಲ್ಲಿ ಇದಕ್ಕೆ ಬ್ರಾಂಕಿಯೋಲೈಟಿಸ್ ಆಬ್ಲಿಟರನ್ಸ್ ಎಂದು ಹೆಸರು. ಒಮ್ಮೆ ಮುಚ್ಚಿದ ನಾಳ ತೆರೆಯುವುದಿಲ್ಲ. ಉಬ್ಬಸದವರಿಗೆ ಕೊಡುವ ಔಷಧಗಳು ಇವರಲ್ಲಿ ಕೆಲಸ ಮಾಡಲಿಲ್ಲ. ಇನ್ನೂರಕ್ಕೂ ಹೆಚ್ಚು ಮಂದಿಯಲ್ಲಿ ಈ ರೋಗ ದಾಖಲಾಯಿತು. ಕೆಲವರು ತೀರಿಕೊಂಡರು. ಕೆಲವರಿಗೆ ಬೇರೆಯವರ ಶ್ವಾಸಕೋಶವನ್ನು ಕಸಿ ಮಾಡಬೇಕಾಯಿತು. ಉಳಿದವರಲ್ಲಿ ಬಹಳ ಮಂದಿ ಅರ್ಧ ಉಸಿರಿನಲ್ಲೇ ಬದುಕು ಮುಂದುವರಿಸಬೇಕಾಯಿತು. ಬ್ರಿಟನ್ನಿನ ಪ್ರಸಿದ್ಧ ವೈದ್ಯ ಪತ್ರಿಕೆ ಲ್ಯಾನ್ಸೆಟ್ 1996ರಲ್ಲಿ ಇದರ ವರದಿ ಪ್ರಕಟಿಸಿತು.

ಇದಾದ ಮೇಲೂ ಪಾಠ ಮುಗಿಯಲಿಲ್ಲ. ಜಪಾನಿನಲ್ಲಿ ಅದೇ ಎಲೆಯ ಪುಡಿ ಆರೋಗ್ಯದ ಆಹಾರವಾಗಿ ಮಾರಾಟವಾಯಿತು. ಅದನ್ನು ಸೇವಿಸಿದ ಕೆಲವರಲ್ಲಿ ಇದೇ ರೋಗ ಕಂಡುಬಂತು. 2003ರಲ್ಲಿ ಅಲ್ಲಿನ ಸರ್ಕಾರ ಈ ಎಲೆಯ ಪುಡಿ, ಮಾತ್ರೆ ಮುಂತಾದ ರೂಪಗಳ ಮಾರಾಟವನ್ನು ನಿಷೇಧಿಸಿತು. ನಿಷೇಧ ಬಿದ್ದದ್ದು ಪುಡಿಗೆ ಮತ್ತು ಮಾತ್ರೆಗೆ, ತರಕಾರಿಯಾಗಿ ಬಳಸುವ ಸೊಪ್ಪಿಗೆ ಅಲ್ಲ. ಈ ವ್ಯತ್ಯಾಸ ಮುಖ್ಯವಾದದ್ದು. ನಾವು ಮತ್ತೆ ಅದರತ್ತ ಬರೋಣ.

ತಪ್ಪು ಯಾರದು?

ಇಷ್ಟು ಕೇಳಿದ ಕೂಡಲೇ ಮನಸ್ಸು ಅಪರಾಧಿಯನ್ನು ಹುಡುಕುತ್ತದೆ. ಮೊದಲ ಬೆರಳು ಎಲೆಯ ಕಡೆಗೆ. ಇದು ವಿಷದ ಗಿಡ, ಕಿತ್ತು ಎಸೆಯಿರಿ. ಆದರೆ ಮಲೇಷ್ಯಾ, ಇಂಡೋನೇಷ್ಯಾ, ವಿಯೆಟ್ನಾಮುಗಳಲ್ಲಿ ತಲೆತಲಾಂತರದಿಂದ ಜನ ಇದನ್ನು ಬೇಯಿಸಿ ಉಂಡಿದ್ದಾರೆ, ಇಂದಿಗೂ ಉಣ್ಣುತ್ತಿದ್ದಾರೆ. ತೈವಾನಿನಂಥ ದುರಂತ ಅಲ್ಲಿನ ಅಡುಗೆಮನೆಗಳಿಂದ ವರದಿಯಾಗಿಲ್ಲ. ಎಲೆಯಲ್ಲಿ ಪೆಪಾವರಿನ್ ಎಂಬ ಕ್ಷಾರಾಂಶ ಇದೆಯೆಂದು ಹಿಂದೆಯೇ ಹೇಳಲಾಗಿತ್ತು. ಆದರೂ ಉಸಿರುನಾಳ ಮುಚ್ಚಿಸಿದ್ದು ಇದೇ ವಸ್ತು ಎಂದು ವಿಜ್ಞಾನಿಗಳು ಯಾವುದರ ಮೇಲೂ ಬೆರಳಿಟ್ಟು ತೀರ್ಪು ಕೊಟ್ಟಿಲ್ಲ.

ಎರಡನೆಯ ಬೆರಳು ಕುಡಿದವರ ಕಡೆಗೆ. ಅತಿಯಾಸೆ, ಅತಿಯಾದರೆ ಅಮೃತವೂ ವಿಷ ಎಂದು ಗಾದೆ ಹೇಳಿ ಕೈತೊಳೆದುಕೊಳ್ಳುವವರು ನಮ್ಮಲ್ಲಿ ಬಹಳ. ಗಾದೆ ಸುಳ್ಳಲ್ಲ. ಆದರೆ ಅದನ್ನು ಯಾರ ಮುಖಕ್ಕೆ ಹೇಳುತ್ತೇವೆ ಎಂಬುದನ್ನೂ ನೋಡಬೇಕು. ಆ ಹೆಂಗಸರು ಅಮಲಿಗಾಗಿ ಕುಡಿದವರಲ್ಲ. ನಿನ್ನ ಮೈ ಹೀಗಿರಬಾರದು ಎಂದು ಕನ್ನಡಿ, ಜಾಹೀರಾತು, ಗಂಡನ ಮನೆ, ಗೆಳತಿಯರ ಬಳಗ ಎಲ್ಲರೂ ಸೇರಿ ಹೇಳಿಕೊಟ್ಟ ಮೇಲೆ ಅವರು ಆ ಲೋಟ ಎತ್ತಿದರು. ಅದು ತರಕಾರಿ, ಕಾರ್ಖಾನೆಯ ಮದ್ದಲ್ಲ, ಇದರಿಂದ ಕೇಡಾಗದು ಎಂದು ನಂಬಿದ್ದರು. ಹಾಗೆ ನಂಬುವುದು ಅಪರಾಧವೇ? ಹೆಣ್ಣಿನ ದೇಹವನ್ನು ಸದಾ ತಿದ್ದಬೇಕಾದ ತಪ್ಪು ಲೆಕ್ಕದಂತೆ ನೋಡುವ ಸಮಾಜ, ತಿದ್ದಲು ಹೋಗಿ ಅವಳು ಸತ್ತಾಗ ಅತಿಯಾಯಿತು ಎಂದು ಗಾದೆ ಹೇಳುವುದು ಅನ್ಯಾಯ.

ಮೂರನೆಯ ಬೆರಳು ಮಾರಿದವನ ಕಡೆಗೆ. ಅವನು ಹೇಳಬಹುದು, ನಾನು ಮಾರಿದ್ದು ಸೊಪ್ಪು, ಸೊಪ್ಪು ತಿನ್ನುವ ವಸ್ತು, ಹೇಗೆ ತಿನ್ನಬೇಕೆಂಬುದು ಕೊಂಡವರಿಗೆ ಬಿಟ್ಟದ್ದು. ಕಾನೂನಿನ ಕಟಕಟೆಯಲ್ಲಿ ಈ ಮಾತು ನಿಲ್ಲಲೂಬಹುದು. ಹಾಗಾದರೆ ಇಷ್ಟು ಜನರ ಉಸಿರು ಯಾರ ಕೈಯಲ್ಲಿ ಹೋಯಿತು? ಯಾರ ಕೈಯಲ್ಲೂ ಅಲ್ಲವೇ? ಎಲ್ಲರೂ ಸ್ವಲ್ಪ ಸ್ವಲ್ಪ ಒಳ್ಳೆಯವರಾಗಿದ್ದೂ ಒಟ್ಟಿನಲ್ಲಿ ದೊಡ್ಡ ಕೇಡು ನಡೆದುಹೋದಾಗ ಹೊಣೆ ಯಾರದು ಎಂಬುದು ನೀತಿಯ ಪ್ರಶ್ನೆಗಳಲ್ಲೇ ಕಠಿಣವಾದದ್ದು.

ದವಾ, ಗಿಜಾ, ಪರ್ಹೇಜ್

ಈ ಪ್ರಶ್ನೆಗೆ ಉತ್ತರ ಹುಡುಕುವಾಗ ನಮಗೆ ಯುನಾನಿ ವೈದ್ಯದ ಒಂದು ಹಳೆಯ ವಿಂಗಡಣೆ ನೆನಪಾಗುತ್ತದೆ. ಬಾಯಿಯ ಮೂಲಕ ಒಳಹೋಗುವ ಪದಾರ್ಥಗಳನ್ನು ಆ ವೈದ್ಯರು ಮುಖ್ಯವಾಗಿ ಮೂರು ಬಗೆಯಾಗಿ ನೋಡಿದರು: ಗಿಜಾ, ದವಾ, ಸಮ್ಮ್. ಎಂದರೆ ಆಹಾರ, ಔಷಧ, ವಿಷ. ವ್ಯತ್ಯಾಸ ಏನು? ದೇಹವು ಯಾವುದನ್ನು ಬದಲಾಯಿಸಿ ತನ್ನದಾಗಿ ಮಾಡಿಕೊಳ್ಳುತ್ತದೋ ಅದು ಆಹಾರ. ಯಾವುದು ದೇಹವನ್ನು ಬದಲಾಯಿಸಿ ಕೊನೆಗೆ ತಾನೂ ದೇಹಕ್ಕೆ ಮಣಿಯುತ್ತದೋ ಅದು ಔಷಧ. ಯಾವುದು ದೇಹಕ್ಕೆ ಮಣಿಯದೆ ದೇಹವನ್ನೇ ಮಣಿಸುತ್ತದೋ ಅದು ವಿಷ. ಇವುಗಳ ನಡುವೆ ಔಷಧೀಯ ಆಹಾರ, ಆಹಾರದಂಥ ಔಷಧ ಎಂಬ ಮಧ್ಯದ ಮನೆಗಳೂ ಇವೆ.

ಈ ವಿಂಗಡಣೆಯ ಸೊಗಸು ಎಲ್ಲಿದೆ ಎಂದರೆ, ಅದು ವಸ್ತುವನ್ನು ಒಂಟಿಯಾಗಿ ನೋಡುವುದಿಲ್ಲ. ವಸ್ತುವಿಗೂ ದೇಹಕ್ಕೂ ನಡುವೆ ನಡೆಯುವ ವ್ಯವಹಾರವನ್ನು ನೋಡುತ್ತದೆ. ಯಾರು ಯಾರನ್ನು ಬದಲಾಯಿಸಿದರು ಎಂದು ಕೇಳುತ್ತದೆ. ಚಕ್ರಮುನಿ ಬೆಂದು, ತೆಂಗಿನಕಾಯಿ ಬೆರೆತು, ಅನ್ನದ ಮಗ್ಗುಲಲ್ಲಿ ಒಂದು ಹಿಡಿಯಾಗಿ ಬಂದಾಗ ದೇಹಕ್ಕೆ ಮಣಿಯಿತು. ಅದೇ ಎಲೆ ಹಸಿಯಾಗಿ, ರಸವಾಗಿ, ದಿನದಿನವೂ ರಾಶಿಯಾಗಿ ಬಂದಾಗ ದೇಹವನ್ನೇ ಮಣಿಸಿತು. ಎರಡು ಕಡೆಯೂ ಎಲೆ ಅದೇ, ಬದಲಾದದ್ದು ಅದು ಬಂದ ದಾರಿ. ಜಪಾನಿನ ನಿಷೇಧವೂ ಎಲೆಯನ್ನು ಬಿಟ್ಟು ದಾರಿಯನ್ನು ಹಿಡಿಯಿತು ಎಂಬುದನ್ನು ಇಲ್ಲಿ ನೆನಪಿಸಿಕೊಳ್ಳಬೇಕು. ಹಾಗೆಂದು ಬೇಯಿಸಿದರೆ ಎಷ್ಟಾದರೂ ತಿನ್ನಬಹುದೆಂದು ಯಾರೂ ಅರ್ಥ ಮಾಡಬಾರದು. ಬೇಯಿಸುವುದು ದಾರಿಯ ಒಂದು ಭಾಗ ಮಾತ್ರ. ಅಳತೆ, ಸರದಿ, ಜೊತೆಗಾರ ಪದಾರ್ಥ ಇವೂ ದಾರಿಯೇ.

ನಮ್ಮ ಬಾಲ್ಯದಲ್ಲಿ ಪೇಟೆಯ ಹಕೀಮರು ಚೀಟಿ ಬರೆದುಕೊಡುವಾಗ ಮೂರು ಮಾತು ಹೇಳುತ್ತಿದ್ದರು. ದವಾ ಇದು, ಗಿಜಾ ಇದು, ಪರ್ಹೇಜ್ ಇದು. ಪರ್ಹೇಜ್ ಎಂದರೆ ಪಥ್ಯ, ದೂರವಿರಬೇಕಾದದ್ದು. ಔಷಧದ ಕಹಿಯನ್ನು ಸಹಿಸಿಕೊಂಡ ರೋಗಿಗಳು ಪರ್ಹೇಜಿನ ಮಾತು ಬಂದಾಗ ಮುಖ ಸಿಂಡರಿಸುತ್ತಿದ್ದರು. ಹಕೀಮರು ಬಿಡುತ್ತಿರಲಿಲ್ಲ. ಪಥ್ಯ ಹಿಡಿಯದವನಿಗೆ ಮದ್ದು ಕೊಡುವುದು ಮದ್ದಿಗೂ ಅವಮಾನ, ರೋಗಿಗೂ ಅನ್ಯಾಯ ಎನ್ನುವುದು ಅವರ ನಿಲುವಾಗಿತ್ತು. ಇಂದಿನ ನಮ್ಮ ಕಾಲದ ಬೇನೆಯನ್ನು ಒಂದು ವಾಕ್ಯದಲ್ಲಿ ಹೇಳುವುದಾದರೆ ಹೀಗೆ ಹೇಳಬಹುದು: ನಾವು ಲೋಕದ ಎಲ್ಲ ಮೂಲೆಗಳಿಂದ ದವಾ ತರಿಸಿಕೊಂಡೆವು, ಪರ್ಹೇಜನ್ನು ಅಲ್ಲಲ್ಲೇ ಬಿಟ್ಟು ಬಂದೆವು.

ಅಜ್ಜಿಗೆ ಗೊತ್ತಿತ್ತೇ?

ಇಲ್ಲಿ ಒಂದು ತೊಡಕಿನ ಪ್ರಶ್ನೆ ಏಳುತ್ತದೆ. ಬೋರ್ನಿಯೋದ ಅಜ್ಜಿಗೆ ಈ ಎಲೆಯ ಹಸಿರಸ ಶ್ವಾಸಕೋಶವನ್ನು ಮುಚ್ಚುತ್ತದೆ ಎಂದು ಗೊತ್ತಿತ್ತೇ? ಗೊತ್ತಿದ್ದಿರಲಾರದು. ಅವಳು ಅದನ್ನು ರಸ ಮಾಡಿ ಕುಡಿದಿರಲೇ ಇಲ್ಲವಲ್ಲ. ತೈವಾನಿನ ಯುವತಿಯೊಬ್ಬಳು ಅವಳನ್ನು ಹುಡುಕಿಕೊಂಡು ಹೋಗಿ, ಅಜ್ಜೀ, ದಿನಕ್ಕೆ 150 ಗ್ರಾಂ ಅರೆದು ಕುಡಿಯಲೇ ಎಂದು ಕೇಳಿದ್ದರೆ ಅಜ್ಜಿ ವಿಷದ ಮಾತು ಆಡುತ್ತಿರಲಿಲ್ಲ. ನಕ್ಕು, ಯಾಕೆ ಮಗೂ, ನಿಮ್ಮ ಮನೆಯಲ್ಲಿ ಒಲೆ ಇಲ್ಲವೇ ಎಂದು ಕೇಳುತ್ತಿದ್ದಳು, ಅಷ್ಟೆ.

ಆದರೆ ಆ ನಗುವಿನಲ್ಲೇ ತಿಳಿವು ಇತ್ತು. ನಾವು ತಿಳಿವಳಿಕೆ ಎಂದರೆ ವಾಕ್ಯವಾಗಿ ಹೇಳಬಲ್ಲದ್ದು, ಬರೆದಿಡಬಲ್ಲದ್ದು ಎಂದುಕೊಂಡಿದ್ದೇವೆ. ಶಾಲೆ ಕಲಿತವರ ಭ್ರಮೆ ಇದು. ಕೈಯಲ್ಲಿರುವ ತಿಳಿವು, ಪಾತ್ರೆಯಲ್ಲಿರುವ ತಿಳಿವು, ಇಂಥ ದಿನ ಇಂಥದ್ದನ್ನು ಮಾಡುವ ರೂಢಿಯಲ್ಲಿರುವ ತಿಳಿವು ಬೇರೆ. ನಮ್ಮ ಕರಾವಳಿಯ ಕೆಸುವಿನ ಎಲೆಯನ್ನೇ ನೋಡಿ. ಮಳೆಗಾಲದ ಪತ್ರೊಡೆಯನ್ನು ಎಲ್ಲ ಜಾತಿ ಧರ್ಮದವರೂ ಬಾಯಿ ಚಪ್ಪರಿಸಿ ತಿನ್ನುತ್ತಾರೆ. ಹಸಿ ಕೆಸುವಿನ ಎಲೆಯಲ್ಲಿ ಸುಣ್ಣದಂಶದ ಸೂಜಿಯಂಥ ಹರಳುಗಳಿವೆ, ಬಾಯಿ ಗಂಟಲು ತುರಿಸಿ ಊದಿಬಿಡುತ್ತದೆ. ಪತ್ರೊಡೆಯ ಹಿಟ್ಟಿಗೆ ಹುಣಿಸೆಹುಳಿ ಹಾಕುವ ಹೆಂಗಸಿಗೆ ಈ ಹರಳಿನ ಸುದ್ದಿ ಗೊತ್ತಿಲ್ಲ. ಹುಳಿ ಹಾಕದಿದ್ದರೆ ತುರಿಸುತ್ತದೆ ಎಂಬುದು ಗೊತ್ತು. ಇಂಥ ಎಲೆ ಕೊಯ್ಯಬೇಕು, ಇಷ್ಟು ಹೊತ್ತು ಹಬೆಯಲ್ಲಿಡಬೇಕು ಎಂಬುದು ಗೊತ್ತು. ಅವಳ ಬಳಿ ಕಾರಣವಿಲ್ಲ, ಕ್ರಮ ಇದೆ. ಚಕ್ರಮುನಿಯ ಅಜ್ಜಿಯ ಬಳಿ ಎಚ್ಚರಿಕೆಯ ಮಾತೂ ಇರಲಿಲ್ಲ, ಸಾರು ಇತ್ತು. ಎಚ್ಚರಿಕೆ ಆ ಸಾರಿನೊಳಗೇ ಕರಗಿತ್ತು.

ಕಥೆ ಬರೆಯುವ ನಮಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಒಂದು ಕಥೆಯಿಂದ ಅದರ ಸಾರಾಂಶವನ್ನು ತೆಗೆದು ಕೊಡಿ ಎಂದು ಕೇಳುವವರಿದ್ದಾರೆ. ಕೊಡಬಹುದು. ಆದರೆ ಸಾರಾಂಶ ಪಡೆದವನಿಗೆ ಕಥೆ ಸಿಗುವುದಿಲ್ಲ. ಸೊಪ್ಪಿನ ಸತ್ವವನ್ನಷ್ಟೇ ತೆಗೆದು ಕೊಡಿ ಎಂದು ಕೇಳಿದವರಿಗೂ ಅದೇ ಆಯಿತು. ಸಾರಾಂಶ ಓದಿದವರ ಪ್ರಾಣ ಹೋಗುವುದಿಲ್ಲ ಎಂಬುದೊಂದೇ ಸಮಾಧಾನ.

ಬಡವರ ಕಾಯಿಪಲ್ಯೆಗಳ ವಿಷಯದಲ್ಲಿ ನಾವು ಇನ್ನೊಂದು ಅವಿನಯ ತೋರುತ್ತೇವೆ. ಬೇಲಿಯ ಸೊಪ್ಪು ಬಡವರ ತಟ್ಟೆಯಲ್ಲಿರುವ ತನಕ ಅದನ್ನು ದರಿದ್ರದ ಗುರುತು ಎಂದು ಕೀಳಾಗಿ ಕಾಣುತ್ತೇವೆ. ಅದರಲ್ಲಿ ಪ್ರೋಟೀನಿದೆ, ಜೀವಸತ್ವವಿದೆ ಎಂದು ಪ್ರಯೋಗಾಲಯ ಹೇಳಿದ ಮರುದಿನ ಅದೇ ಸೊಪ್ಪು ನಮಗೆ ಬೇಕು. ಆದರೆ ಆ ಬಡವಿಯ ಅಡುಗೆ ಬೇಡ, ಅವಳ ಒಲೆಯ ಮುಂದೆ ಕೂತು ಕಲಿಯುವ ತಾಳ್ಮೆ ಬೇಡ. ಎಲೆ ಮಾತ್ರ ಸಾಕು. ಹೀಗೆ ಗಿಡವನ್ನು ತೆಗೆದುಕೊಂಡು ಗಿಡ ಸಾಕಿದವರನ್ನು ಬಿಟ್ಟುಬಿಡುವುದು ನೋಡಲು ಸಣ್ಣ ತಿರಸ್ಕಾರ. ತೈವಾನಿನಲ್ಲಿ ಆ ತಿರಸ್ಕಾರದ ಬೆಲೆ ತೆತ್ತವರು ಮಾತ್ರ ತಿರಸ್ಕರಿಸಿದವರಲ್ಲ, ಮಾತು ನಂಬಿದ ಸಾಮಾನ್ಯ ಹೆಂಗಸರು.

ಹಸಿವಿನ ಅವಸರ, ಹೊಟ್ಟೆ ತುಂಬಿದವರ ಅವಸರ

ಅಡುಗೆಯ ಕ್ರಮವನ್ನು ಬಿಡುವುದಕ್ಕೆ ಯಾವಾಗಲೂ ತಿರಸ್ಕಾರವೇ ಕಾರಣವಲ್ಲ ಎಂಬುದಕ್ಕೆ ಇನ್ನೊಂದು ಉಷ್ಣನಾಡಿನ ಪೊದೆ ಸಾಕ್ಷಿ. ಮರಗೆಣಸಿನ ಗಿಡವನ್ನು ನಾವು ಗಡ್ಡೆಗಾಗಿ ಬಲ್ಲೆವು. ಆಫ್ರಿಕಾದಲ್ಲಿ ಅದರ ಎಲೆಯೂ ನಿತ್ಯದ ಆಹಾರ. ಮೊಜಾಂಬಿಕ್‌ನಲ್ಲಿ ಎಲೆಯನ್ನು ಕುಟ್ಟಿ, ದೀರ್ಘಕಾಲ ಬೇಯಿಸಿ, ನೆಲಗಡಲೆ ತೆಂಗಿನ ಹಾಲು ಸೇರಿಸಿ ಮಟಾಪಾ ಎಂಬ ಅಡುಗೆ ಮಾಡುತ್ತಾರೆ. ಈ ಗಿಡದ ಎಲೆ, ಗಡ್ಡೆ ಎರಡರಲ್ಲೂ ಸೈನೈಡ್ ಬಿಡುಗಡೆ ಮಾಡುವ ಅಂಶವಿದೆ, ಕಹಿ ತಳಿಗಳಲ್ಲಿ ಅದು ಹೆಚ್ಚು. ಕುಟ್ಟುವುದು, ನೆನೆಸುವುದು, ದಿನಗಟ್ಟಲೆ ಬಿಸಿಲಿಗೆ ಒಣಗಿಸುವುದು ಇವೆಲ್ಲ ಆ ವಿಷವನ್ನು ಕಳೆಯಲು ಜನ ಕಂಡುಕೊಂಡ ಉಪಾಯಗಳು.

1981ರಲ್ಲಿ ಮೊಜಾಂಬಿಕ್‌ನ ನಾಂಪುಲಾ ಪ್ರಾಂತದಲ್ಲಿ ಭೀಕರ ಬರ ಬಂತು. ಬೇರೆ ಬೆಳೆ ಒಣಗಿತು, ಕಹಿ ಮರಗೆಣಸು ಉಳಿಯಿತು. ಹಸಿದ ಮಕ್ಕಳು ಎದುರಿಗಿರುವಾಗ ಗಡ್ಡೆಯನ್ನು ವಾರಗಟ್ಟಲೆ ಒಣಗಿಸುತ್ತ ಕೂರುವ ತಾಯಿ ಎಲ್ಲಿದ್ದಾಳೆ? ಕ್ರಮವನ್ನು ಮೊಟಕು ಮಾಡಿದರು. ಸಾವಿರಕ್ಕೂ ಹೆಚ್ಚು ಮಂದಿಯ, ಅವರಲ್ಲೂ ಹೆಂಗಸರು ಮಕ್ಕಳದೇ ಹೆಚ್ಚಾಗಿ, ಕಾಲುಗಳು ಇದ್ದಕ್ಕಿದ್ದಂತೆ ಬಿಗಿದು ಶಾಶ್ವತವಾಗಿ ಊನವಾದವು. ಅಲ್ಲಿನವರು ಆ ರೋಗವನ್ನು ಮಂಟಕಾಸಾ ಎಂದು ಕರೆದರು.

ಎರಡು ಘಟನೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಎರಡರಲ್ಲೂ ಬಿಟ್ಟುಹೋದದ್ದು ಅಡುಗೆಯ ಒಂದು ಹಂತ. ನಾಂಪುಲಾದ ತಾಯಿ ಅದನ್ನು ಬಿಟ್ಟದ್ದು ಉಣ್ಣಲು ಬೇರೇನೂ ಇಲ್ಲದೆ. ತೈವಾನಿನಲ್ಲಿ ಅದು ಬಿಟ್ಟುಹೋದದ್ದು ಉಂಡದ್ದು ಹೆಚ್ಚಾಯಿತೆಂಬ ಅಂಜಿಕೆಯಿಂದ. ನಾಂಪುಲಾದ ತಾಯಿಗೆ ಕ್ರಮ ಗೊತ್ತಿತ್ತು, ಕಾಲಾವಕಾಶ ಇರಲಿಲ್ಲ. ಅವಳಿಗೆ ನಾವು ಯಾವ ಗಾದೆಯನ್ನೂ ಹೇಳಲಾರೆವು, ಧಾನ್ಯ ಕಳಿಸಬಹುದಷ್ಟೆ. ಹೊಟ್ಟೆ ತುಂಬಿದ ಊರುಗಳಲ್ಲಿ ಕಾಲಾವಕಾಶ ಇತ್ತು, ಒಲೆ ಇತ್ತು. ಕ್ರಮವನ್ನು ಹೇಳಿಕೊಡುವವರು ಮಾತ್ರ ಇರಲಿಲ್ಲ. ಹಸಿವಿನ ಅವಸರಕ್ಕೆ ಕ್ಷಮೆಯುಂಟು. ಹೊಟ್ಟೆ ತುಂಬಿದವರ ನಡುವೆ ಅವಸರವನ್ನು ಹುಟ್ಟಿಸಿ ಮಾರುವವರಿಗೆ ಅದು ಇರಬಾರದು.

ಹಳೆಯದೆಲ್ಲ ಸರಿಯೇ?

ಇಷ್ಟು ಓದಿದ ಓದುಗರು ಕೇಳಬಹುದು, ಹಾಗಾದರೆ ಅಜ್ಜಿ ಮಾಡಿದ್ದೇ ಸರಿ, ಹೊಸದನ್ನು ಯಾರೂ ಮಾಡಬಾರದು ಎಂದು ನಿಮ್ಮ ವಾದವೇ? ಅಲ್ಲ. ಅಜ್ಜಿಯರೂ ತಪ್ಪಿದ್ದಾರೆ. ಬಾಣಂತಿಗೆ ಬಾಯಾರಿಕೆಯಾದರೂ ನೀರು ಕೊಡಬಾರದೆಂದು ನಮ್ಮ ಊರುಗಳಲ್ಲೇ ಎಷ್ಟು ಮನೆಗಳಲ್ಲಿ ಪಥ್ಯ ಮಾಡಿಸಿಲ್ಲ! ಅದನ್ನು ತಪ್ಪೆಂದು ತೋರಿಸಿಕೊಟ್ಟದ್ದು ಹೊಸ ವೈದ್ಯವೇ. ತೈವಾನಿನ ರೋಗಕ್ಕೂ ಸೊಪ್ಪಿಗೂ ಇರುವ ನಂಟನ್ನು ಕಂಡುಹಿಡಿದು ಉಳಿದವರನ್ನು ಕಾಪಾಡಿದ್ದು ಕೂಡ ರೋಗಿಗಳ ಮಾತನ್ನು ತಾಳ್ಮೆಯಿಂದ ಕೇಳಿ, ಯಾರು ಎಷ್ಟು ಕುಡಿದರು, ಯಾರಿಗೆ ಏನಾಯಿತು ಎಂದು ಲೆಕ್ಕ ಹಾಕಿದ ವೈದ್ಯರು. ಆ ಕೆಲಸವನ್ನು ಯಾವ ಅಜ್ಜಿಯೂ ಮಾಡಲಾರಳು.

ಹಳೆಯ ಬಳಕೆ ಒಂದು ಸಾಕ್ಷ್ಯ, ತೀರ್ಪಲ್ಲ. ಇಷ್ಟು ಜನ, ಇಷ್ಟು ಕಾಲ, ಈ ರೀತಿಯಲ್ಲಿ ತಿಂದರು, ಬದುಕಿದರು ಎಂದು ಅದು ಹೇಳುತ್ತದೆ. ಆ ರೀತಿಯನ್ನು ಬದಲಾಯಿಸಿದ ಕ್ಷಣ ಸಾಕ್ಷ್ಯ ಬಿದ್ದುಹೋಗುತ್ತದೆ. ರಸ ಮಾಡಿದಿರೋ, ಪುಡಿ ಮಾಡಿದಿರೋ, ಮಾತ್ರೆ ಕಟ್ಟಿದಿರೋ, ಆಗ ಅದು ಹೊಸ ವಸ್ತು. ಅದನ್ನು ಹೊಸ ವಸ್ತುವಿನಂತೆಯೇ ಪರೀಕ್ಷಿಸಬೇಕು. ಕಾಡಿನ ಜನ ಸಾವಿರ ವರ್ಷದಿಂದ ತಿಂದ ಎಲೆ ಎಂದು ಲೋಟದ ಮೇಲೆ ಬರೆದು ಮಾರುವುದು, ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಸಾಕ್ಷಿ ಹೇಳಿದ ಹಾಗೆ. ಇಂಡೋನೇಷ್ಯಾದಲ್ಲೂ ಈಗ ಕಾತುಕ್ ಸತ್ವದ ಮಾತ್ರೆಗಳು ಬಾಣಂತಿಯರಿಗಾಗಿ ಮಾರುಕಟ್ಟೆಗೆ ಬಂದಿವೆ. ಅವುಗಳ ಪರ ವಾದಿಸುವವರು ಪರೀಕ್ಷೆಯ ಫಲಿತಾಂಶದಿಂದ ವಾದಿಸಲಿ, ಅಜ್ಜಿಯ ಸಾರಿನ ಹೆಸರು ಹೇಳಿ ವಾದಿಸುವುದು ಬೇಡ.

ಹೊಗಳುವವನ ಹೊಣೆ

ಈಗ ಹೊಣೆಯ ಪ್ರಶ್ನೆಗೆ ಬರೋಣ. ಎಲೆ, ಕುಡಿದವರು, ಮಾರಿದವರು ಈ ಮೂವರಲ್ಲದೆ ನಾಲ್ಕನೆಯವನೊಬ್ಬನಿದ್ದಾನೆ. ಅವನ ಕಡೆ ಯಾರ ಬೆರಳೂ ಹೋಗುವುದಿಲ್ಲ. ಅವನೇ ಸೊಪ್ಪಿನ ಗುಣವನ್ನು ಬಾಯಿಂದ ಬಾಯಿಗೆ ದಾಟಿಸಿದವನು. ಅವನು ಏನನ್ನೂ ಮಾರಲಿಲ್ಲ, ಲಾಭ ಮಾಡಲಿಲ್ಲ, ಒಳ್ಳೆಯದಾಗಲಿ ಎಂದೇ ಹೇಳಿದ. ನೆರೆಯವರಿಗೆ ಹೇಳಿದ, ತಂಗಿಗೆ ಹೇಳಿದ, ಪತ್ರಿಕೆಯ ಅಂಕಣದಲ್ಲಿ ಬರೆದ. ಇಂದಾದರೆ ಮೊಬೈಲಿನಲ್ಲಿ ಒಂದು ಸಂದೇಶವನ್ನು ನೂರು ಜನಕ್ಕೆ ತಳ್ಳಿದ. ಆ ಸಂದೇಶದಲ್ಲಿ ಗುಣ ಇತ್ತು, ಪಥ್ಯ ಇರಲಿಲ್ಲ.

ನಮ್ಮ ನಗರಗಳ ಉದ್ಯಾನಗಳ ಬಾಗಿಲಲ್ಲಿ ಬೆಳಿಗ್ಗೆ ಹಸಿರು ರಸದ ಲೋಟಗಳು ಸಾಲಾಗಿ ನಿಲ್ಲುವುದನ್ನು ನಾವೆಲ್ಲ ಕಂಡಿದ್ದೇವೆ. ಮಧುಮೇಹಕ್ಕೆ ಒಂದು, ಬೊಜ್ಜಿಗೆ ಒಂದು, ರಕ್ತಶುದ್ಧಿಗೆ ಒಂದು. ಎಲ್ಲ ಲೋಟವೂ ಕೆಟ್ಟದ್ದೆಂದು ನಾವು ಹೇಳುತ್ತಿಲ್ಲ. ಆದರೆ ಚಕ್ರಮುನಿಯನ್ನು ವಿಟಮಿನ್ ಗಿಡ ಎಂದು ಹೊಗಳಿ, ದಿನಾ ಹಸಿ ಎಲೆ ತಿನ್ನಿ, ಎಷ್ಟು ತಿಂದರೂ ಒಳ್ಳೆಯದೇ ಎಂದು ಹೇಳುವ ಮಾತು ನಮ್ಮ ನಡುವೆಯೂ ಓಡಾಡುತ್ತಿದೆ. ಹೇಳುವವರಲ್ಲಿ ತೈವಾನಿನ ಸುದ್ದಿ ಕೇಳಿದವರು ಎಷ್ಟು ಮಂದಿ? 1995ರ ಆ ಉಸಿರುಗಳು ನಮ್ಮ ಭಾಷೆಯ ಒಂದು ಎಚ್ಚರಿಕೆಯಾಗಿಯಾದರೂ ಉಳಿಯಬೇಕಿತ್ತು.

ಉರ್ದುವಿನಲ್ಲಿ ಅಮಾನತ್ ಎಂಬ ಮಾತಿದೆ. ನಂಬಿ ಒಪ್ಪಿಸಿದ ವಸ್ತು ಎಂದು ಅರ್ಥ. ಅದನ್ನು ಪಡೆದ ಹಾಗೆಯೇ, ಏನೂ ಕಳೆಯದೆ, ಮರಳಿ ದಾಟಿಸಬೇಕು. ತಿಳಿವಳಿಕೆಯೂ ಅಮಾನತ್ತೇ. ಅರ್ಧ ಇಟ್ಟುಕೊಂಡು ಅರ್ಧ ದಾಟಿಸಿದರೆ ಅದು ದಾನವಾಗುವುದಿಲ್ಲ, ದ್ರೋಹವಾಗುತ್ತದೆ, ಉದ್ದೇಶ ಎಷ್ಟೇ ಒಳ್ಳೆಯದಿರಲಿ. ಒಂದು ವಸ್ತುವಿನ ಗುಣವನ್ನು ಹೊಗಳಲು ಬಾಯಿ ತೆರೆದವನು ಅದರ ಅಳತೆಯನ್ನೂ ಅಡುಗೆಯನ್ನೂ ಅಪಾಯವನ್ನೂ ಹೇಳುವ ಸಾಲವನ್ನು ಆ ಕ್ಷಣವೇ ಹೊತ್ತುಕೊಂಡ. ಆ ಸಾಲ ತೀರಿಸಲು ತಿಳಿವು ಸಾಲದಿದ್ದರೆ ಹೊಗಳಿಕೆಯನ್ನೂ ತಡೆದುಕೊಳ್ಳಬೇಕು. ಮೌನವೂ ಕೆಲವೊಮ್ಮೆ ಉಪಕಾರವೇ.

ನಮಗೆ ಈ ಇಡೀ ಪ್ರಸಂಗದಲ್ಲಿ ಮತ್ತೆ ಮತ್ತೆ ಕಾಡುವುದು ಎರಡು ಹೆಂಗಸರ ಚಿತ್ರ. ಒಬ್ಬಳು ಜಾವಾದ ಬಾಣಂತಿ. ಮಡಿಲಲ್ಲಿರುವ ಇನ್ನೊಂದು ಜೀವಕ್ಕೆ ಹಾಲು ಹೆಚ್ಚಲಿ ಎಂದು ಮನೆಯವರು ಬಸಿದುಕೊಟ್ಟ ಸಾರನ್ನು ಕುಡಿಯುತ್ತಾಳೆ. ಇನ್ನೊಬ್ಬಳು ತನ್ನ ಮೈಯನ್ನೇ ಒಂದಿಷ್ಟು ಕಡಿಮೆ ಮಾಡಿಕೊಳ್ಳಲು ಒಂಟಿಯಾಗಿ ಮಿಕ್ಸಿಯ ಮುಂದೆ ನಿಂತಿದ್ದಾಳೆ. ಅವಳ ಪಕ್ಕದಲ್ಲಿ, ಬೇಡ ಮಗೂ, ನೀನು ಇರುವ ಹಾಗೆಯೇ ಚೆನ್ನಾಗಿದ್ದೀಯ, ಬಾ, ಇದನ್ನು ಪಲ್ಯ ಮಾಡೋಣ ಎನ್ನುವವರು ಯಾರೂ ಇರಲಿಲ್ಲ.

ಹಿತ್ತಲ ಚಕ್ರಮುನಿಯನ್ನು ಕಿತ್ತೆಸೆಯಬೇಕಾಗಿಲ್ಲ. ಎಳೆಯ ಎಲೆಗಳನ್ನು ಬಿಡಿಸಿ, ಬೇಯಿಸಿ, ಒಂದು ಹಿಡಿ ಪಲ್ಯಕ್ಕೆ ಹಾಕಿ ನಾಲ್ಕು ಜನ ಹಂಚಿಕೊಂಡು ಉಣ್ಣಿರಿ, ನಾಳೆ ಬಸಳೆ, ನಾಡಿದ್ದು ಹರಿವೆ ಆಗಲಿ. ನೆರೆಯವರು ಗಿಡ ಕೇಳಿದರೆ ಧಾರಾಳವಾಗಿ ಒಂದು ಕಡ್ಡಿ ಮುರಿದು ಕೊಡಿ. ಅವರು ಗೇಟು ದಾಟುವ ಮೊದಲು ಕರೆದು ನಿಲ್ಲಿಸಿ, ಇದನ್ನು ಹಸಿಯಾಗಿ ಅರೆದು ಕುಡಿಯಬೇಡಿ ಎಂಬ ಮಾತನ್ನೂ ಕೊಡಿ. ಆ ಮಾತು ಇಲ್ಲದೆ ಕೊಟ್ಟ ಕಡ್ಡಿ ಅರ್ಧ ಕೊಡುಗೆ.